ಹಗ್ಗಕ್ಕೆ ದಕ್ಕದ ಮಗ

ಬೀದರ ಜಿಲ್ಲೆಯ ಭಾಲ್ಕಿ, ಔರಾದಗಳ ಕಡೆ ಗರಡಿಮನೆಯನ್ನು ‘ತಾಲೀಮು’ ಎನ್ನುವುದು ರೂಢಿ. ಅರಬ್ಬಿಯಿಂದ ಬಂದ ಈ ಮಾತಿನ ಮೂಲಾರ್ಥ ಶಿಕ್ಷಣ. ಸಾಮು ತೆಗೆಯುವುದು, ದಂಡ ಬಸ್ಕಿ ಹೊಡೆಯುವುದು, ಕುಸ್ತಿಯ ಪಟ್ಟು ಕಲಿಯುವುದು ಇವೆಲ್ಲವೂ ಅಕ್ಷರಾಭ್ಯಾಸದಂತೆಯೇ ಒಂದು ವಿದ್ಯೆಯೆಂದು ಆ ಸೀಮೆಯ ಜನ ಬಗೆದಿದ್ದರೆಂಬುದಕ್ಕೆ ಆ ಹೆಸರೇ ಸಾಕ್ಷಿ. ಜಾತ್ರೆಯ ದಿನ ಕುಸ್ತಿಯ ಕಣದ ಸುತ್ತ ನೆರೆದ ಜನರ ನಡುವೆ ತಂದೆಯ ಹೆಗಲೇರಿ ಕುಳಿತ ಪುಟ್ಟ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾರೆ. ಮನೆಗೆ ಮರಳಿದ ಮೇಲೆ ಅಂಗಳದಲ್ಲಿ ತೊಡೆ ತಟ್ಟಿ ಒಬ್ಬರನ್ನೊಬ್ಬರು ಕೆಡವಲು ನೋಡುತ್ತಾರೆ. ಅವರಿಗೆ ಹಾಗೆ ಮಾಡೆಂದು ಹೇಳಿಕೊಟ್ಟವರು ಯಾರೂ ಇಲ್ಲ.

ತಂದೆಯ ಅಂಗಸಾಧನೆ ಮಗನ ಮೈಗೆ ಬರುವ ಬಗೆ ಯಾವುದು? ಬುದ್ಧಿವಾದದಿಂದಲೋ, ಬೆತ್ತದಿಂದಲೋ, ಇಲ್ಲವೆ ಬರಿಯ ಕಣ್ಣಿನಿಂದಲೋ? ಮಕ್ಕಳು ಹಾಸಿಗೆ ಬಿಟ್ಟೇಳುವುದಿಲ್ಲ, ಆಟಕ್ಕೆ ಹೋಗುವುದಿಲ್ಲ, ಕೈಯಲ್ಲಿನ ಮೊಬೈಲನ್ನು ಕೆಳಗಿಡುವುದಿಲ್ಲ ಎಂದು ಕೊರಗುವ ಇಂದಿನ ತಂದೆತಾಯಿಗಳಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಇದಕ್ಕೆ ಒಳ್ಳೆಯ ಉತ್ತರವೊಂದು ಕನ್ನಡನಾಡಿನ ಇನ್ನೊಂದು ತುದಿಯಾದ ಮೈಸೂರಿನಲ್ಲಿ ಬಾಳಿದ ಒಂದು ಕುಟುಂಬದ ಕಥೆಯಲ್ಲಿ ದೊರೆಯುತ್ತದೆ. ಆ ಮನೆಯ ತಂದೆ ಜಗತ್ತಿಗೆಲ್ಲ ಯೋಗಾಸನವನ್ನು ಕಲಿಸಿದ ಗುರುಗಳಿಗೆ ಗುರು. ಆದರೆ ಆತನ ಮಗನಿಗೆ ಮಾತ್ರ ಆ ವಿದ್ಯೆ ಬೇಡವಾಗಿತ್ತು.

ತಂದೆ ಕೊಟ್ಟ ಬುತ್ತಿ

ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರವೆಂಬ ಹಳ್ಳಿಯಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯರು ವೇದಾಧ್ಯಯನ ಮಾಡಿದ ವೈಷ್ಣವರು. ಐದನೆಯ ವರ್ಷಕ್ಕೇ ಮಗನಿಗೆ ಉಪನಯನ ಮಾಡಿ ಸಂಸ್ಕೃತ ಪಾಠಕ್ಕೆ ಕೂರಿಸಿದ ಆ ತಂದೆ, ಪಾಠದ ಜೊತೆಗೇ ಆಸನ, ಪ್ರಾಣಾಯಾಮಗಳ ಮೊದಲ ಮೆಟ್ಟಿಲುಗಳನ್ನೂ ತೋರಿಸಿದರು. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. ಕುಟುಂಬ ಮೈಸೂರಿಗೆ ಬಂದಿತು. ತಂದೆ ಹೋದರೂ ತಂದೆ ಕೊಟ್ಟ ಬುತ್ತಿ ಮಾತ್ರ ಮುಗಿಯಲಿಲ್ಲ. ಮೈಸೂರು, ಕಾಶಿ, ಪಾಟ್ನಾ ಎಂದು ವಿದ್ಯೆಯನ್ನರಸಿ ಅಲೆದ ಆ ತರುಣ ಯೋಗವನ್ನು ಎಂದೂ ಕೈಬಿಡಲಿಲ್ಲ. ಮಾನಸಸರೋವರದ ಬಳಿ ಗುರುವೊಬ್ಬರಲ್ಲಿ ಏಳೂವರೆ ವರ್ಷ ಕಲಿತುದಾಗಿ ಅವರು ಮುಂದೆ ಶಿಷ್ಯರೊಡನೆ ಹೇಳಿಕೊಳ್ಳುತ್ತಿದ್ದರು.

ವಿದ್ಯೆಯೇನೋ ಬಂದಿತು, ಅದರಿಂದ ಹೊಟ್ಟೆ ತುಂಬಲಿಲ್ಲ. ಯೋಗವನ್ನು ನಂಬಿ ಸಂಸಾರ ಹೂಡಿದವನಿಗೆ ಆ ಕಾಲದಲ್ಲಿ ಯಾವ ಸಂಬಳವೂ ಇರಲಿಲ್ಲ. 1925ರಲ್ಲಿ ನಾಮಗಿರಿಯಮ್ಮನವರನ್ನು ಕೈಹಿಡಿದ ಆಚಾರ್ಯರು ಹಾಸನದ ಕಡೆ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಣೆಯ ಕೆಲಸ ಮಾಡಬೇಕಾಯಿತು. ಹೆಂಡತಿಯ ಸೀರೆಯಿಂದ ಹರಿದ ಬಟ್ಟೆಯನ್ನೇ ಕೌಪೀನವಾಗಿ ಉಟ್ಟ ದಿನಗಳೂ ಇದ್ದುವಂತೆ. ಬಿಡುವು ದೊರೆತಾಗ ಊರೂರಿಗೆ ಹೋಗಿ ಜನರ ಮುಂದೆ ಯೋಗದ ಸಾಮರ್ಥ್ಯವನ್ನು ತೋರಿಸುತ್ತಿದ್ದರು. ನಾಡಿಯ ಬಡಿತವನ್ನು ಅಡಗಿಸಿ, ಬರುವ ಮೋಟಾರನ್ನು ಬರಿಗೈಯಿಂದ ತಡೆದು, ಹಲ್ಲಿನಿಂದ ಭಾರವನ್ನೆತ್ತಿ ನೋಡುವವರನ್ನು ಬೆರಗುಗೊಳಿಸುತ್ತಿದ್ದರು.

ಅರಮನೆಯ ಯೋಗಶಾಲೆ

ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಣ್ಣಿಗೆ ಈ ಪಂಡಿತರು ಬಿದ್ದುದು ಅವರ ಬಾಳಿಗೆ ತಿರುವಾಯಿತು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಪ್ರಾರಂಭವಾಯಿತು. ಮರುವರ್ಷವೇ, 1934ರಲ್ಲಿ, ಆಚಾರ್ಯರ ‘ಯೋಗ ಮಕರಂದ’ ಹೊರಬಂದಿತು. ಇಂದು ಜಗತ್ತಿನ ನಾನಾ ಭಾಷೆಗಳಲ್ಲಿ ಹೆಸರು ಮಾಡಿರುವ ಆ ಗ್ರಂಥ ಮೊದಲು ಬೆಳಕು ಕಂಡಿದ್ದು ಕನ್ನಡದಲ್ಲಿ ಎಂಬುದನ್ನು ಕನ್ನಡಿಗರೇ ಅನೇಕರು ಮರೆತಿದ್ದಾರೆ. ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರು, ಪಟ್ಟಾಭಿ ಜೋಯಿಸರು, ಐರೋಪ್ಯ ಮಹಿಳೆ ಇಂದ್ರಾದೇವಿ ಇವರೆಲ್ಲ ಮೈಸೂರಿನಲ್ಲಿ ಆಚಾರ್ಯರಿಂದ ಕಲಿತು, ಮುಂದೆ ಆ ವಿದ್ಯೆಯನ್ನು ಸಾಗರದಾಚೆಗೆ ಕೊಂಡೊಯ್ದರು.

1938ರಲ್ಲಿ ತೆಗೆದ ಮೂಕಚಿತ್ರವೊಂದು ಇಂದಿಗೂ ಉಳಿದು ಬಂದಿದೆ. ಅದರಲ್ಲಿ ಐವತ್ತರ ಸಮೀಪದ ಆಚಾರ್ಯರು ಬಿಲ್ಲಿನಂತೆ ಮೈ ಬಾಗಿಸುತ್ತಾರೆ. ತರುಣ ಅಯ್ಯಂಗಾರರು ಮಿಂಚಿನ ವೇಗದಲ್ಲಿ ಆಸನದಿಂದ ಆಸನಕ್ಕೆ ಜಾರುತ್ತಾರೆ. ಇಷ್ಟೇ ಆಗಿದ್ದರೆ ಅದು ಗುರುಶಿಷ್ಯರ ಚಿತ್ರವೆನಿಸುತ್ತಿತ್ತು. ಆದರೆ ನಾಮಗಿರಿಯಮ್ಮನವರೂ ಮಕ್ಕಳೂ ಅದೇ ಚಿತ್ರದಲ್ಲಿ ಆಸನ ಹಾಕಿ ತೋರಿಸುತ್ತಾರೆ. ಹೆಂಗಸರು ವ್ಯಾಯಾಮದ ಹೆಸರೆತ್ತಲೂ ನಾಚುತ್ತಿದ್ದ ಆ ಕಾಲದಲ್ಲಿ ಯೋಗವು ಆ ಮನೆಯ ಅಡಿಗೆ, ಪೂಜೆಗಳಂತೆ ನಿತ್ಯದ ವ್ಯವಹಾರವಾಗಿತ್ತು.

ಅದೇ 1938ರ ಜೂನ್ 21ರಂದು ಆ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಅವರೇ ಟಿ. ಕೆ. ವಿ. ದೇಶಿಕಾಚಾರ್. ಅವರು ಹುಟ್ಟಿದ ದಿನವನ್ನೇ 2015ರಿಂದ ಜಗತ್ತು ಅಂತರರಾಷ್ಟ್ರೀಯ ಯೋಗದಿನವೆಂದು ಆಚರಿಸುತ್ತಿರುವುದು ಕಾಕತಾಳೀಯವಾದರೂ ಸೊಗಸಾಗಿದೆ.

ಕಟ್ಟಿಹಾಕಿದ ಅರ್ಧ ಗಂಟೆ

ಮೈಸೂರಿನ ದಿನಗಳ ಕೃಷ್ಣಮಾಚಾರ್ಯರು ಬಹು ನಿಷ್ಠುರರು. ಅವರು ಎದುರು ಬರುತ್ತಿದ್ದರೆ ಶಿಷ್ಯರು ದಾರಿ ಬಿಟ್ಟು ನಿಲ್ಲುತ್ತಿದ್ದರಂತೆ. ಹದಿಹರೆಯದಲ್ಲಿ ಅಕ್ಕನ ಮನೆಯೆಂದು ಬಂದು ನಿಂತಿದ್ದ ಅಯ್ಯಂಗಾರರು, ಭಾವನವರ ಕೋಪಕ್ಕೆ ತಾವು ಹೇಗೆ ನಡುಗುತ್ತಿದ್ದೆವೆಂದು ಮುದಿವಯಸ್ಸಿನಲ್ಲೂ ನೆನೆಯುತ್ತಿದ್ದರು. ಶಿಷ್ಯರ ಪಾಡು ಹೀಗಿದ್ದ ಮೇಲೆ ಮಗನ ಪಾಡನ್ನು ಹೇಳಬೇಕಾದುದಿಲ್ಲ.

ಬಾಲಕ ದೇಶಿಕಾಚಾರಿಗೆ ಆಸನವೆಂದರೆ ಆಗದು. ಆಡುವ ವಯಸ್ಸಿನ ಹುಡುಗನನ್ನು ಒಂದೆಡೆ ಕೂರಿಸುವುದು ಗಾಳಿಯನ್ನು ಗಂಟು ಕಟ್ಟಿದಂತೆ. ಒಮ್ಮೆ ತಂದೆಗೆ ಸಿಟ್ಟು ನೆತ್ತಿಗೇರಿತು. ಮಗನನ್ನು ಬದ್ಧಪದ್ಮಾಸನದಲ್ಲಿ ಕೂರಿಸಿ, ಕೈಕಾಲುಗಳನ್ನು ಹಗ್ಗದಿಂದ ಬಿಗಿದು, ಅರ್ಧ ಗಂಟೆ ಹಾಗೆಯೇ ಬಿಟ್ಟರು. ಬದ್ಧಪದ್ಮಾಸನವೆಂದರೆ ಪದ್ಮಾಸನದಲ್ಲಿ ಕುಳಿತು, ಬೆನ್ನ ಹಿಂದಿನಿಂದ ಕೈಗಳನ್ನು ತಂದು ಕಾಲ್ಬೆರಳುಗಳನ್ನು ಹಿಡಿಯುವ ಭಂಗಿ. ಅಭ್ಯಾಸವಿದ್ದವರಿಗೂ ಸುಲಭವಲ್ಲ.

ಆ ಅರ್ಧ ಗಂಟೆಯಿಂದ ಆದ ಲಾಭವೇನು? ಹುಡುಗ ಆಸನವನ್ನು ಕಲಿಯಲಿಲ್ಲ. ತಂದೆಯ ವಿದ್ಯೆಯಿಂದ ಇನ್ನಷ್ಟು ದೂರ ಸರಿದ. ಜಗತ್ತಿನ ಶಿಷ್ಯರನ್ನೆಲ್ಲ ಬಾಗಿಸಿದ ಗುರುವಿಗೆ ಸ್ವಂತ ಮಗನ ಮನಸ್ಸು ಬಾಗಲಿಲ್ಲ.

ಕಾಲವೂ ಅಷ್ಟರಲ್ಲಿ ತಿರುಗಿತು. 1940ರಲ್ಲಿ ನಾಲ್ವಡಿಯವರು ಕಾಲವಾದರು. ಸ್ವಾತಂತ್ರ್ಯ ಬಂದು ರಾಜ್ಯಭಾರ ಬದಲಾದ ಮೇಲೆ ಯೋಗಶಾಲೆಗೆ ದೊರೆಯುತ್ತಿದ್ದ ಆಶ್ರಯ ತಪ್ಪಿ, 1950ರಲ್ಲಿ ಅದರ ಬಾಗಿಲು ಮುಚ್ಚಿತು. ಅರವತ್ತು ದಾಟಿದ ಆಚಾರ್ಯರು ದೊಡ್ಡ ಸಂಸಾರದೊಡನೆ ಮತ್ತೆ ಬರಿಗೈಯಾದರು. ಮದರಾಸಿನಲ್ಲಿ ಪಾರ್ಶ್ವವಾಯುವಿನಿಂದ ನರಳುತ್ತಿದ್ದ ಪ್ರಸಿದ್ಧ ವಕೀಲರೊಬ್ಬರಿಗೆ ಚಿಕಿತ್ಸೆ ಮಾಡಲು ಕರೆ ಬಂದುದರಿಂದ 1952ರ ಸುಮಾರಿಗೆ ಅವರು ಆ ಊರಿಗೆ ಹೋದರು. ಅಲ್ಲಿಯೇ ನೆಲೆಯೂ ದೊರೆಯಿತು.

ಯೋಗವನ್ನು ನಂಬಿದವನ ಗತಿ ಏನಾಗುತ್ತದೆಂಬುದನ್ನು ಮಗ ಕಣ್ಣಾರೆ ಕಂಡಿದ್ದ. ಅವನು ಆಯ್ದುಕೊಂಡುದು ಗಟ್ಟಿ ನೆಲದ ವಿದ್ಯೆಯನ್ನು. ಮೈಸೂರು ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ಪದವಿ ಕೈಗೆ ಬಂದಿತು. ದಿಲ್ಲಿಯಲ್ಲೊಂದು ನೌಕರಿಯೂ ಕಾದಿತ್ತು. ತಂದೆಯ ವಿದ್ಯೆ ಆ ಮನೆಯಲ್ಲಿ ಅಲ್ಲಿಗೇ ನಿಲ್ಲುವಂತೆ ತೋರಿತು.

ಜಗಲಿಯ ಮೇಲಿಂದ ಕಂಡ ದೃಶ್ಯ

1961ರ ಒಂದು ಬೆಳಗು. ತಂದೆತಾಯಿಗಳನ್ನು ನೋಡಿಹೋಗಲು ಮದರಾಸಿಗೆ ಬಂದಿದ್ದ ಇಪ್ಪತ್ಮೂರರ ಎಂಜಿನಿಯರು ಜಗಲಿಯ ಮೇಲೆ ಕುಳಿತು ವೃತ್ತಪತ್ರಿಕೆ ಓದುತ್ತಿದ್ದ. ಮನೆಯ ಮುಂದೆ ಒಂದು ದೊಡ್ಡ ಕಾರು ಬಂದು ನಿಂತಿತು. ಅದರಿಂದಿಳಿದ ನಡುವಯಸ್ಸಿನ ವಿದೇಶಿ ಮಹಿಳೆಯೊಬ್ಬರು ನೇರವಾಗಿ ಹೋಗಿ, ಎಪ್ಪತ್ತು ದಾಟಿದ ಆಚಾರ್ಯರನ್ನು ಸಂತೋಷದಿಂದ ಅಪ್ಪಿಕೊಂಡು ವಂದನೆ ಹೇಳಿದರು.

ಮಗ ದಂಗಾದ. ನಾಮ ಧರಿಸಿ, ಮಡಿಯಿಂದ ನಡೆಯುವ ತಂದೆಯನ್ನು ಪರಸ್ತ್ರೀಯೊಬ್ಬಳು ಬೀದಿಯಲ್ಲಿ ಅಪ್ಪಿಕೊಳ್ಳುವುದೆಂದರೇನು! ವಿಚಾರಿಸಿದಾಗ ಸಂಗತಿ ತಿಳಿಯಿತು. ನ್ಯೂಜಿಲೆಂಡಿನಿಂದ ಬಂದಿದ್ದ ಆಕೆ ಬಹಳ ವರ್ಷಗಳಿಂದ ಮಾತ್ರೆ ನುಂಗದೆ ನಿದ್ರೆ ಮಾಡಿದವರಲ್ಲ. ಆಚಾರ್ಯರಲ್ಲಿ ಪಾಠಕ್ಕೆ ಬರುತ್ತಿದ್ದ ಆಕೆಗೆ ಹಿಂದಿನ ರಾತ್ರಿ ಔಷಧದ ಹಂಗಿಲ್ಲದೆ ನಿದ್ರೆ ಬಂದಿತ್ತು.

ತಂದೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಪಶ್ಚಿಮದ ವೈದ್ಯವನ್ನು ಓದಿದವರೂ ಅಲ್ಲ. ಹಣವಂತೆಯಾದ ಆ ಮಹಿಳೆಗೆ ಆಧುನಿಕ ವೈದ್ಯದ ಎಲ್ಲ ಬಾಗಿಲುಗಳೂ ತೆರೆದಿದ್ದುವು. ಆದರೂ ಆಕೆಗೆ ನೆಮ್ಮದಿ ದೊರೆತುದು ಈ ಮುದುಕನಿಂದ. ಹಾಗಾದರೆ ಈತನಲ್ಲಿರುವುದೇನು? ಬಾಲ್ಯದಿಂದ ದಿನವೂ ನೋಡಿದರೂ ಕಾಣದೆ ಇದ್ದ ತಂದೆ ಆ ಬೆಳಗು ಮಗನಿಗೆ ಮೊದಲ ಸಲ ಕಂಡರು. ಹಗ್ಗ ಮಾಡಲಾರದ ಕೆಲಸವನ್ನು ಒಂದು ನೋಟ ಮಾಡಿತು.

ಮೂರೂವರೆ ಗಂಟೆಯ ಪಾಠ

ತನಗೂ ಕಲಿಸಬೇಕೆಂದು ಮಗ ಕೇಳಿದಾಗ ತಂದೆ ಹಿಗ್ಗಲಿಲ್ಲ. ಓದಿದ ವಿದ್ಯೆಯನ್ನು ನೋಡಿಕೊ, ಯೋಗದ ಗೊಡವೆ ಬೇಡ ಎಂಬುದೇ ಅವರ ಉತ್ತರ. ಮಗನು ದಿಲ್ಲಿಯ ನೌಕರಿಯನ್ನು ಬಿಟ್ಟು ಮದರಾಸಿನಲ್ಲೇ ಒಂದು ಕೆಲಸ ಹಿಡಿದು, ಬೆನ್ನು ಬಿಡದೆ ಬೇಡಿದ. ಕೊನೆಗೆ ತಂದೆ ಒಪ್ಪಿದರು. ಆದರೆ ಪಾಠ ಬೆಳಗಿನ ಜಾವ ಮೂರೂವರೆಗೆ! ಇದು ಶ್ರದ್ಧೆಯ ಪರೀಕ್ಷೆಯೋ, ಮಗನ ಆಸೆಯನ್ನು ಆರಿಸುವ ಉಪಾಯವೋ ಹೇಳಲಾಗದು.

ಮಗನೂ ಒಂದು ಷರತ್ತು ಹಾಕಿದ. ಪಾಠದಲ್ಲಿ ದೇವರ ಮಾತು ಬರಕೂಡದು. ಲೆಕ್ಕ, ಅಳತೆಗಳನ್ನು ನಂಬಿದ ತರುಣನಿಗೆ ಭಕ್ತಿಯಲ್ಲಿ ಒಲವಿರಲಿಲ್ಲ. ಪರಕಾಲ ಮಠದ ಸಂಬಂಧವುಳ್ಳ ಮನೆತನದ, ನಿತ್ಯಪೂಜೆ ತಪ್ಪಿಸದ ತಂದೆ ಈ ಮಾತಿಗೆ ಸಿಡಿದೇಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮಗನ ಷರತ್ತಿಗೆ ಒಪ್ಪಿ, ಆಸನದಿಂದಲೂ ಪತಂಜಲಿಯ ಯೋಗಸೂತ್ರಗಳ ಪಠನದಿಂದಲೂ ಪಾಠ ಪ್ರಾರಂಭಿಸಿದರು. ಹದಿನೈದಿಪ್ಪತ್ತು ವರ್ಷದ ಹಿಂದೆ ಹಗ್ಗ ಹಿಡಿದಿದ್ದವರು ಈಗ ಮಗನ ಮನಸ್ಸಿಗೆ ಎಡೆಗೊಟ್ಟರು. ಬದಲಾದವನು ಮಗನೊಬ್ಬನೇ ಅಲ್ಲ.

ಮನೆಯಿದ್ದುದು ಒಂದೇ ಕೋಣೆ. ಮೂರೂವರೆಗೆ ದೀಪ ಹೊತ್ತಿ ಪಠನ ಕೇಳಿಬಂದರೆ ಉಳಿದವರಿಗೆ ನಿದ್ರೆಯೆಲ್ಲಿ? ಕಣ್ಣುಜ್ಜಿಕೊಳ್ಳುತ್ತ ಮನೆಮಂದಿಯೆಲ್ಲ ಎದ್ದು ಕೂರುತ್ತಿದ್ದರು. ಹೀಗೆ ಮೊದಲಾದ ಪಾಠ, ವೇಳೆ ಅಷ್ಟಿಷ್ಟು ಬದಲಾದರೂ, 28 ವರ್ಷ, ಎಂದರೆ ತಂದೆಯ ಕೊನೆಯವರೆಗೂ ನಡೆಯಿತು.

ಮದರಾಸಿನ ವರ್ಷಗಳಲ್ಲಿ ಆಚಾರ್ಯರ ಬೋಧನೆಯೂ ಮೃದುವಾಯಿತು. ಎಲ್ಲರನ್ನೂ ಒಂದೇ ಅಚ್ಚಿಗೆ ಹೊಯ್ಯುವುದನ್ನು ಬಿಟ್ಟು, ಎದುರಿಗೆ ಕುಳಿತವನ ವಯಸ್ಸು, ಬಲ, ವ್ಯಾಧಿ, ವೃತ್ತಿಗಳನ್ನು ನೋಡಿ ಅವನಿಗೆ ತಕ್ಕ ಅಭ್ಯಾಸವನ್ನು ರೂಪಿಸಿಕೊಡತೊಡಗಿದರು. ಈ ಮಾರ್ಗವನ್ನೇ ಮಗ ಜಗತ್ತಿಗೆ ಹಂಚಿದರು. ತತ್ತ್ವಜ್ಞಾನಿ ಜಿಡ್ಡು ಕೃಷ್ಣಮೂರ್ತಿಯವರು ದೇಶಿಕಾಚಾರರಲ್ಲಿ ಪಾಠ ಹೇಳಿಸಿಕೊಂಡರು. 1976ರಲ್ಲಿ ದೇಶಿಕಾಚಾರರು ತಂದೆಯ ಹೆಸರಿನಲ್ಲಿ ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಕಟ್ಟಿದರು.

ತಂದೆಯ ಅಭ್ಯಾಸ ಅಷ್ಟರಲ್ಲೂ ನಿಂತಿರಲಿಲ್ಲ. 96ನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ಅವರು ಶಸ್ತ್ರಚಿಕಿತ್ಸೆಗೆ ಒಪ್ಪದೆ, ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ತಾವೇ ಹೊಂದಿಸಿಕೊಂಡರು. ಈ ಹಟವನ್ನು ಯಾರೂ ಅನುಕರಿಸಬೇಕಾದುದಿಲ್ಲ. ಮುರಿದ ಮೂಳೆಗೆ ವೈದ್ಯರೇ ಗತಿ. ಆದರೆ ಮಲಗಿದಲ್ಲೂ ಮೈಯನ್ನು ಮರೆಯದ ಆ ಶಿಸ್ತನ್ನು ಮನೆಯವರು ದಿನವೂ ನೋಡಿದರು. 1989ರ ಫೆಬ್ರವರಿ 28ರಂದು, ನೂರು ವರ್ಷ ತುಂಬಿ ಕೆಲವು ತಿಂಗಳಾದ ಮೇಲೆ, ಆಚಾರ್ಯರು ಕಣ್ಮುಚ್ಚಿದರು. ಮಗ 2016ರ ಆಗಸ್ಟ್ 8ರವರೆಗೆ ಬದುಕಿದ್ದರು.

ಪುಣೆಯ ಮನೆ

ಭಾವನ ಗದರಿಕೆಯಲ್ಲಿ ಬೆಳೆದ ಅಯ್ಯಂಗಾರರ ಮನೆಯಲ್ಲಿಯೂ ಇಂಥದೇ ಕಥೆ ನಡೆಯಿತು. ಬಾಲ್ಯದಲ್ಲಿ ಒಂದರ ಮೇಲೊಂದು ರೋಗದಿಂದ ನರಳಿ, ಬದುಕುವುದೇ ಅನುಮಾನವೆನಿಸಿದ್ದ ಆ ಹುಡುಗ 1937ರಲ್ಲಿ ಪುಣೆಗೆ ಹೋಗಿ ಯೋಗಶಿಕ್ಷಕನಾದ. ಮದುವೆಯಾದ ಮೇಲೆ ಪತ್ನಿ ರಮಾಮಣಿಯವರಿಗೂ ಕಲಿಸಿದ. ಆಕೆಯೇ ಮುಂದೆ ಗಂಡನ ಅಭ್ಯಾಸವನ್ನು ತಿದ್ದುವ ಕಣ್ಣಾದರು.

ಹಿರಿಯ ಮಗಳು ಗೀತಾ ಎಳೆವಯಸ್ಸಿನಲ್ಲೇ ಮೂತ್ರಪಿಂಡದ ಕಾಯಿಲೆಗೆ ತುತ್ತಾದವರು. ಆಟವಾಡಲಾರದ ಆ ಹುಡುಗಿಗೆ ತಂದೆಯ ನಿತ್ಯಾಭ್ಯಾಸವೇ ಆಸರೆಯಾಯಿತು. ಚೇತರಿಸಿಕೊಂಡ ಗೀತಾ ಮದುವೆಯನ್ನೂ ಬಯಸದೆ ಅದನ್ನೇ ಬಾಳಾಗಿ ಆರಿಸಿಕೊಂಡು, ಹೆಂಗಸರ ದೇಹಧರ್ಮಕ್ಕೆ ಹೊಂದುವ ಯೋಗದ ವಿಷಯವಾಗಿ ಗ್ರಂಥ ಬರೆದರು. ತಾಯಿ 1973ರಲ್ಲಿ ತೀರಿಕೊಂಡ ಮೇಲೆ, 1975ರಲ್ಲಿ ಆಕೆಯ ಹೆಸರಿನಲ್ಲೇ ಪುಣೆಯಲ್ಲಿ ಯೋಗಸಂಸ್ಥೆ ಪ್ರಾರಂಭವಾಯಿತು. ಅಲ್ಲಿ ಗೀತಾ 2018ರಲ್ಲಿ ತಮ್ಮ ಕೊನೆಯವರೆಗೂ ಕಲಿಸಿದರು. ತಮ್ಮ ಪ್ರಶಾಂತರೂ ಅದೇ ದಾರಿ ಹಿಡಿದರು. 2014ರಲ್ಲಿ 95ರ ವಯಸ್ಸಿನಲ್ಲಿ ಅಯ್ಯಂಗಾರರು ತೀರಿಕೊಳ್ಳುವ ಹೊತ್ತಿಗೆ ಮೊಮ್ಮಗಳು ಅಭಿಜಾತಾ ಸಹ ಅವರ ಬಳಿ ಪಳಗಿದ್ದರು.

ಮದುವೆ ಇಲ್ಲದ ದಿನ ಆಟ

ತಂದೆಯ ಆಸಕ್ತಿ ಮಕ್ಕಳಿಗೆ ದಾಟಬೇಕಾದರೆ ಮಕ್ಕಳೂ ಅದೇ ವೃತ್ತಿ ಹಿಡಿಯಬೇಕೆಂದೇನೂ ಇಲ್ಲ. ಇದಕ್ಕೆ ಬೆಂಗಳೂರಿನ ಪಡುಕೋಣೆ ಮನೆತನವೇ ಉದಾಹರಣೆ. ರಮೇಶ ಪಡುಕೋಣೆಯವರು ಬಹಳ ಕಾಲ ಮೈಸೂರು ಬ್ಯಾಡ್ಮಿಂಟನ್ ಸಂಘದ ಕಾರ್ಯದರ್ಶಿಯಾಗಿದ್ದವರು. ಮಗ ಪ್ರಕಾಶನ ಕೈಗೆ ಬ್ಯಾಟು ಕೊಟ್ಟವರೂ ಅವರೇ. ಆಗ ಬೆಂಗಳೂರಿನಲ್ಲಿ ಇಂದಿನಂಥ ಕ್ರೀಡಾಂಗಣಗಳೆಲ್ಲಿ? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣವೇ ಅವರ ಆಟದ ಅಂಗಣ. ಮದುವೆ ಇದ್ದ ದಿನ ಆಟವಿಲ್ಲ. ಶಾಲೆ ಬಿಟ್ಟೊಡನೆ, ಇಂದು ಯಾವ ಸಮಾರಂಭವೂ ಇಲ್ಲವಷ್ಟೆ ಎಂದು ನೋಡಿಕೊಂಡು ಓಡಬೇಕು.

1962ರ ರಾಜ್ಯ ಕಿರಿಯರ ಪಂದ್ಯಾವಳಿಯಲ್ಲಿ ಏಳು ವರ್ಷದ ಪ್ರಕಾಶ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷದ ನಂತರ ಅದೇ ಪಂದ್ಯಾವಳಿಯನ್ನು ಗೆದ್ದ. 1980ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಇಂಡೋನೇಷ್ಯದ ಲೀಮ್ ಸ್ವೀ ಕಿಂಗರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಭಾರತಕ್ಕೆ ಮೊದಲು ತಂದವರು ಆ ಪ್ರಕಾಶ ಪಡುಕೋಣೆಯವರೇ.

ಅವರ ಮಗಳು ದೀಪಿಕಾ ಸಹ ಎಳವೆಯಲ್ಲಿ ನಸುಕಿನಲ್ಲೇ ಎದ್ದು, ವ್ಯಾಯಾಮ ಮಾಡಿ, ಶಾಲೆಗೆ ಹೋಗಿ, ಮತ್ತೆ ಆಟದ ಅಭ್ಯಾಸಕ್ಕೆ ಹೋಗುತ್ತಿದ್ದರು. ರಾಷ್ಟ್ರಮಟ್ಟದ ಪಂದ್ಯಗಳಲ್ಲೂ ಆಡಿದರು. ಆದರೂ ಬ್ಯಾಡ್ಮಿಂಟನ್ ತನ್ನ ದಾರಿಯಲ್ಲವೆಂದು ಆಕೆಗೆ ತೋರಿದಾಗ ತಂದೆ ಬಲವಂತ ಮಾಡಲಿಲ್ಲ. ಆಕೆ ಚಲನಚಿತ್ರದಲ್ಲಿ ಹೆಸರು ಗಳಿಸಿದರು. ತಂಗಿ ಅನಿಶಾ ಗಾಲ್ಫ್ ಆರಿಸಿಕೊಂಡರು. ಆಟದಂಗಣದಲ್ಲಿ ಕಲಿತ ಶಿಸ್ತೇ ಬೇರೆ ರಂಗದಲ್ಲೂ ತನ್ನನ್ನು ಕಾದಿತೆಂದು ದೀಪಿಕಾ ಹೇಳಿಕೊಂಡಿದ್ದಾರೆ.

ಮನೆಯೇ ತಾಲೀಮು

ಈ ಮೂರು ಮನೆಗಳ ತಂದೆಯರು ಒಂದೇ ಸ್ವಭಾವದವರಲ್ಲ. ಆದರೆ ಮೂವರೂ ತಮ್ಮ ಅಭ್ಯಾಸವನ್ನು ತಾವು ಪ್ರೀತಿಸಿದರು, ಮಕ್ಕಳಿಗಾಗಿ ನಟಿಸಲಿಲ್ಲ. ಮಕ್ಕಳ ಕಣ್ಣು ಬಹಳ ಚುರುಕು. ಸೋಫಾದ ಮೇಲೆ ಒರಗಿಕೊಂಡು ಮಗನಿಗೆ ಓಡು ಎನ್ನುವ ತಂದೆಯ ಮಾತನ್ನು ಅವು ಕೇಳುವುದಿಲ್ಲ. ತಂದೆ ಒರಗಿರುವುದನ್ನೇ ಕಲಿಯುತ್ತವೆ. ಇನ್ನು ಹಗ್ಗವೆಂದರೆ ಸೆಣಬಿನ ಹಗ್ಗವೇ ಆಗಬೇಕಿಲ್ಲ. ಬೈಗುಳ, ಹೋಲಿಕೆ, ಅಂಕಪಟ್ಟಿಯಂತೆ ಹೆಜ್ಜೆಗಳ ಲೆಕ್ಕ ಕೇಳುವುದು ಇವೂ ಹಗ್ಗಗಳೇ. ಅವುಗಳಿಂದ ಮೈ ಕೆಲಕಾಲ ಬಾಗಬಹುದು, ಮನಸ್ಸು ಬಾಗದು.

5ರಿಂದ 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಂತೆ ಆಡಬೇಕೆಂದೂ, ಹಿರಿಯರು ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಬಿರುಸಾಗಿ ನಡೆಯುವುದೇ ಮೊದಲಾದ ಶ್ರಮ ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ವಾರದಲ್ಲಿ ಐದು ದಿನ ಅರ್ಧ ಗಂಟೆಯ ನಡಿಗೆಗೆ ಅರಮನೆಯ ಆಶ್ರಯವೂ ಬೇಡ, ಸಭಾಂಗಣವೂ ಬೇಡ. ಭಾಲ್ಕಿಯಂಥ ಊರಿನಲ್ಲಿ ನಸುಕಿನಲ್ಲೆದ್ದು ಐದು ನಿಮಿಷ ನಡೆದರೆ ಹೊಲದ ದಾರಿ ಸಿಗುತ್ತದೆ.

ಅಂಥ ನಸುಕಿನಲ್ಲಿ ತಂದೆಯೋ ತಾಯಿಯೋ ಸದ್ದಾಗದಂತೆ ಚಪ್ಪಲಿ ಮೆಟ್ಟಿ ಬಾಗಿಲು ತೆರೆಯುವಾಗ, ನಿದ್ರೆಯಲ್ಲಿದೆಯೆಂದು ತೋರುವ ಮಗು ಅರೆಗಣ್ಣಿನಿಂದ ನೋಡುತ್ತಿರಬಹುದು. ಅದನ್ನು ಎಬ್ಬಿಸುವುದು ಬೇಡ. ಒಂದು ದಿನ ತಾನೇ ಎದ್ದು, ತನ್ನನ್ನೂ ಕರೆದುಕೊಂಡು ಹೋಗೆಂದು ಕೇಳೀತು. ಆಗ ಎಷ್ಟೇ ಹೊತ್ತಾಗಿದ್ದರೂ ಕಾದು ಕರೆದೊಯ್ಯುವುದಷ್ಟೇ ಹಿರಿಯರ ಕೆಲಸ.